ಬಬಲ್ ಗಮ್ಮಿನ ಗೋಲ್‌ಕೀಪರ್

ನನ್ನ ಸೋದರಮಾವ ಅಂಗಿಯ ಜೇಬಿನಲ್ಲಿ ತಮ್ಮದೇ ಚಿತ್ರ ಇಟ್ಟುಕೊಂಡು ಓಡಾಡುವ ಮನುಷ್ಯ. ಹಿಂದೆ ಬಬಲ್ ಗಮ್ ಪೊಟ್ಟಣದ ಜೊತೆ ಮಕ್ಕಳಿಗೆಂದು ಆಟಗಾರರ ಕಾರ್ಡು ಕೊಡುತ್ತಿದ್ದರಲ್ಲ, ಅಂಥದ್ದು. ಕಾಲಿಗೆ ದಪ್ಪ ಪ್ಯಾಡು ಕಟ್ಟಿದ ತೆಳ್ಳನೆಯ ಯುವಕನೊಬ್ಬ ಹಾಕಿ ಗೋಲಿನ ಮುಂದೆ ಬಾಗಿ ನಿಂತಿದ್ದಾನೆ. ಅರಸೀಕೆರೆಯಲ್ಲಿ ಯಾರ ಮದುವೆಗೆ ಹೋದರೂ, ಎಲೆಗೆ ಪಾಯಸ ಬೀಳುವುದರೊಳಗೆ ಅಕ್ಕಪಕ್ಕದವರೆಲ್ಲ ಆ ಕಾರ್ಡನ್ನು ನೋಡಿ ಆಗಿರುತ್ತದೆ.

ಆಟವೇನೋ ನಿಜ. ರೈಲ್ವೆ ಮೈದಾನದಲ್ಲಿ ಬರಿಗಾಲಲ್ಲಿ ಆಡಲು ಶುರುಮಾಡಿ, ಆಟದ ಬಲದಿಂದಲೇ ರೈಲ್ವೆ ಕೆಲಸ ಗಿಟ್ಟಿಸಿ, ರಾಜ್ಯದ ತಂಡಕ್ಕೂ ಸೇರಿದರು. ಒಮ್ಮೆ ದೇಶದ ತಂಡದ ಜೊತೆ ಎರಡನೇ ಗೋಲ್‌ಕೀಪರಾಗಿ ವಿದೇಶಕ್ಕೆ ಹೋದರು. ಮೊದಲನೆಯವನಿಗೆ ಜ್ವರ ಬಂದ ದಿನ ಆಡಿದರು. ತಂಡ ಸೋತಿತು. ಮತ್ತೆ ಅವರನ್ನು ಯಾರೂ ಕರೆಯಲಿಲ್ಲ.

"ಬ್ಯಾಕ್ ಆಡೋರು ನಿದ್ದೆ ಮಾಡ್ತಿದ್ರು. ನಾನೊಬ್ನೇ ಏನ್ ಮಾಡ್ಲಿ?" ಎಂದು ಇವತ್ತಿಗೂ ಹೇಳುತ್ತಾರೆ.

ಸೋತದ್ದಕ್ಕಾಗಿ ನನಗೆ ಅವರ ಮೇಲೆ ತಾತ್ಸಾರವಿಲ್ಲ. ಅಷ್ಟು ಕಲಿತ ಮನುಷ್ಯ ಒಬ್ಬರಿಗೂ ಹೇಳಿಕೊಡಲಿಲ್ಲ ಎಂಬುದಕ್ಕೆ ಇದೆ. ಚಿಕ್ಕವಳಿದ್ದಾಗ ನಾನೂ ಕೇಳಿದ್ದೆ. "ಹೆಣ್ಮಕ್ಳು ಪ್ಯಾಡ್ ಕಟ್ಕೊಂಡು ಎಲ್ಲಿಗ್ ಹೋಗ್ಬೇಕು ಕಣೇ? ಹೋಗು, ನಿಮ್ಮಮ್ಮನ್ಗೆ ಕಾಫಿ ಇಡೋಕ್ ಹೇಳು" ಎಂದಿದ್ದರು. ನಾನು ಕಾಲೇಜಿನಲ್ಲಿ ಫಾರ್ವರ್ಡ್ ಆಡಿದೆ. ಗೋಲ್‌ಕೀಪರುಗಳ ಪಕ್ಕದಿಂದ ಚೆಂಡು ನುಗ್ಗಿಸುವುದು ನನಗೆ ಬಹಳ ಹಿತವಾಗಿತ್ತು.

ಈಗ ಹಳೇಬೀಡಿನ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರ್. ನಮ್ಮ ಹುಡುಗಿಯರ ತಂಡಕ್ಕೆ ಗೋಲು ಕಾಯುವುದನ್ನು ಹೇಳಿಕೊಡಿ ಎಂದು ಹೋದ ವರ್ಷ ಮಾವನನ್ನು ಕರೆಸಿದೆ. ಕುರ್ಚಿ ಹಾಕಿಸಿಕೊಂಡು ಕೂತರು. ವಿದೇಶದ ಹೋಟೆಲಿನ ಹಾಸಿಗೆ ಎಷ್ಟು ಮೆತ್ತಗಿತ್ತು ಎಂಬಲ್ಲಿಂದ ಶುರುಮಾಡಿದರು. ಹುಲಿಕೆರೆಯ ಒಬ್ಬಳು ಎದ್ದು, "ಸಾ, ಚೆಂಡು ಎತ್ರದಾಗೆ ಬಂದ್ರೆ ಕೈ ಎಂಗಿಡ್ಬೇಕು?" ಎಂದು ಕೇಳಿದಳು.

"ಅದೆಲ್ಲ ಹೇಳ್ಕೊಟ್ರೆ ಬರಲ್ಲ ಕಣಮ್ಮ, ರಕ್ತದಲ್ಲಿರ್ಬೇಕು" ಎಂದು ಜೇಬಿಗೆ ಕೈಹಾಕಿದರು. ಹುಡುಗಿಯರು ಕಾರ್ಡನ್ನು ಕೈಯಿಂದ ಕೈಗೆ ದಾಟಿಸಿ ವಾಪಸು ಕೊಟ್ಟರು.

ಈ ವರ್ಷ ಅರಸೀಕೆರೆಯ ಕೊಬ್ಬರಿ ವ್ಯಾಪಾರಿಗಳ ಕ್ಲಬ್ಬೊಂದು ಅವರಿಗೆ ಸನ್ಮಾನ ಇಟ್ಟುಕೊಂಡಿತು. ಹಾಕಿ ಸ್ಟಿಕ್ಕನ್ನು ಯಾವ ತುದಿಯಲ್ಲಿ ಹಿಡಿಯಬೇಕೆಂದು ಗೊತ್ತಿಲ್ಲದವರೆಲ್ಲ ಹಾಕಿಯ ಬಗ್ಗೆ ಭಾಷಣ ಮಾಡಿದರು. ಕೊನೆಗೆ ಫೋಟೊಗಾಗಿ ಮಾವನಿಗೆ ಪ್ಯಾಡು ಕಟ್ಟಿ ಮೈದಾನದಲ್ಲಿ ನಿಲ್ಲಿಸಿದರು. ಅಧ್ಯಕ್ಷರು ಒಂದು ಚೆಂಡು ಉರುಳಿಸಿದರು; ಅದು ಮಾವನ ಕಾಲಿನವರೆಗೂ ತಲುಪಲಿಲ್ಲ.

"ಅವ್ರ ಸೋದರಸೊಸೇನೂ ಆಟಗಾರ್ತಿ ಕಣ್ರೀ, ಅವ್ರಿಗ್ ಕೊಡಿ" ಎಂದರು ಯಾರೋ.

ಸ್ಟಿಕ್ಕು ನನ್ನ ಕೈಗೆ ಬಂತು. "ಮೆಲ್ಲಗೆ ಕಣೇ" ಎಂದು ಮಾವ ನಕ್ಕರು. ಆ ನಗು ನೋಡಿ ಮೈಯೆಲ್ಲ ಉರಿಯಿತು. ಪೆನಾಲ್ಟಿ ಜಾಗದಿಂದ ಚೆಂಡನ್ನು, ಅವರ ಎಡಗಡೆ ಕೆಳಮೂಲೆಗೆ, ಕಾಲೇಜಿನಲ್ಲಿ ತಳ್ಳುತ್ತಿದ್ದಷ್ಟೇ ಜೋರಾಗಿ ತಳ್ಳಿದೆ.

ಆ ಮುದುಕ ಯೋಚಿಸಲೇ ಇಲ್ಲ. ಎಡಗಾಲು ತಾನಾಗಿ ಚಾಚಿಕೊಂಡಿತು. ಪ್ಯಾಡಿಗೆ ಬಡಿದ ಚೆಂಡು ಗೋಲಿನ ಪಕ್ಕಕ್ಕೆ ಸಿಡಿದುಹೋಯಿತು. ಅಂಥ ತಡೆಯನ್ನು ನಾನು ಎದುರಾಳಿಯಾಗಿ ಕಂಡೇ ಇರಲಿಲ್ಲ. ಕಾಲು ಹಾಗೆ ಹೋಗಬೇಕಾದರೆ ಸೊಂಟ ಮೊದಲು ಎತ್ತ ತಿರುಗಬೇಕು ಎಂಬುದು ಒಂದು ಕ್ಷಣ ಕಣ್ಣೆದುರೇ ಇತ್ತು. ಇದನ್ನೇ ಅಲ್ಲವೇ ಮಾವ ನನ್ನ ಹುಡುಗಿಯರಿಗೆ ತೋರಿಸದೆ ಹೋದದ್ದು?

ಮಾವ ಮೊಣಕಾಲು ಹಿಡಿದುಕೊಂಡು ಎದ್ದರು. ನನ್ನತ್ತ ನೋಡಲಿಲ್ಲ.

"ಫೋಟೊ ಬಂತೇನಪ್ಪಾ?" ಎಂದು ಕೇಳಿದರು.

"ಇಲ್ಲ ಸಾ, ಅಧ್ಯಕ್ಷರು ಅಡ್ಡ ಬಂದ್ರು. ಇನ್ನೊಂದ್ಸಲ ಮಾಡಿ" ಎಂದ ಫೋಟೊದವನು.

"ಇನ್ನೊಂದ್ಸಲ ಹೊಡಿ ಕಣೇ. ಈ ಸಲ ಮೆಲ್ಲಗೆ."

ಸ್ಟಿಕ್ಕನ್ನು ಅಧ್ಯಕ್ಷರ ಕೈಗಿಟ್ಟು, "ನೀವೇ ಉರುಳಿಸಿ" ಎಂದೆ. ಜಾವಗಲ್ ಮೇಲೆ ಹಳೇಬೀಡಿಗೆ ಹೋಗುವ ಬಸ್ಸು ಹೊರಡುವುದರಲ್ಲಿತ್ತು; ಹತ್ತಿದೆ. ಮರುದಿನ ಬೆಳಿಗ್ಗೆ ಹುಲಿಕೆರೆಯ ಹುಡುಗಿಯನ್ನು ಗೋಲಿನಲ್ಲಿ ನಿಲ್ಲಿಸಿ, ಮೊದಲು ಸೊಂಟ ತಿರುಗಿಸುವುದನ್ನು ಹೇಳಿಕೊಟ್ಟೆ. ಯಾರು ಕಲಿಸಿದ್ದು ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.