ಹಿಂದಿನ ಕೋಣೆಯ ಬಳೆಗಳು

ಬೀದಿಯವರು ಅವಳನ್ನು ‘ನಾಲ್ಕೇಟಿನಕ್ಕ’ ಎನ್ನುತ್ತಿದ್ದರು. ಬೇರೆಯವರು ನಲವತ್ತು ಏಟು ಹಾಕುವಲ್ಲಿ ಅವಳಿಗೆ ನಾಲ್ಕು ಸಾಕು ಎಂಬುದು ಉಪ್ಪುಖಾರ ಹಚ್ಚಿದ ಮಾತು. ತೀರ ಸುಳ್ಳೂ ಅಲ್ಲ. ಬೆಳ್ಳಿಯ ಸರಳನ್ನು ನಸುಗೆಂಪಾಗುವವರೆಗೆ ಕಾಯಿಸಿ, ನೀರಿಗದ್ದಿ, ಮೆತ್ತಗಾದ ಮೇಲೆ ದುಂಡನೆಯ ಅಚ್ಚಿಗೆ ಒತ್ತಿ ಮರದ ಕೊಡತಿಯಿಂದ ಬಾಗಿಸುತ್ತಿದ್ದಳು. ಬಿರುಸಾಗುತ್ತಿದೆ ಎಂದು ಕೈಗೆ ಗೊತ್ತಾದ ಕೂಡಲೇ ಮತ್ತೆ ಬೆಂಕಿಗೆ. ‘ಬೆಳ್ಳಿ ಜೊತೆ ಜಗಳ ಆಡ್ಬಾರ್ದು ಮಗಳೇ, ಹದ ಮಾಡಿ ಒಪ್ಪಿಸ್ಬೇಕು’ ಎಂದು ಅಪ್ಪ ಕಲಿಸಿದ್ದ. ಅವಳ ಬಳೆಗೆ ಅರ ಹಾಕಿ ತಿದ್ದುವುದೇ ಅಪರೂಪ. ಪುಡಿಯಾಗಿ ಹೋಗುವ ಬೆಳ್ಳಿ ಇಲ್ಲವೆಂದರೂ ನಡೆಯುತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ ಅಂಗಡಿ ತಮ್ಮನ ಪಾಲಾಯಿತು. ತಮ್ಮನಿಗೆ ಕೈಯಲ್ಲಿ ಕೆಲಸವಿರಲಿಲ್ಲ, ಬಾಯಲ್ಲಿತ್ತು. ಒಮ್ಮೆ ಗಿರಾಕಿಯೊಬ್ಬಳು ಕಣ್ಣೆದುರೇ ಬಳೆ ಮುಗಿದದ್ದನ್ನು ಕಂಡು, “ಇಷ್ಟೇನಾ? ಕಾಫಿ ಆರೋದ್ರೊಳಗೆ ಆಗೋ ಕೆಲ್ಸಕ್ಕೆ ಇಷ್ಟೊಂದು ಮಜೂರಿನಾ?” ಎಂದು ಮೂಗು ಮುರಿದು ಎದ್ದುಹೋದಳು. ಮರುದಿನವೇ ತಮ್ಮನು ಅಕ್ಕನ ಮಣೆಯನ್ನು ಹಿಂದಿನ ಕೋಣೆಗೆ ಹಾಕಿಸಿದ.

“ನೀನು ಬೇಗ ಮಾಡ್ತೀಯಕ್ಕ, ಅದೇ ತೊಂದ್ರೆ. ಜನಕ್ಕೆ ಬೆವರು ಕಾಣ್ಬೇಕು.”

“ಬೆವರು ಸುರಿಸೋರು ಯಾರು?”

“ನಾನಿದೀನಲ್ಲ!”

ಅಂದಿನಿಂದ ಅವನು ಅಂಗಡಿಯ ಮುಂಭಾಗದ ಗಾಜಿನ ಹಿಂದೆ ಕೂತು ಒಂದೇ ತಗಡನ್ನು ಟಕಟಕ ಬಡಿಯತೊಡಗಿದ. ಗ್ಯಾಸ್ ಸಿಲಿಂಡರ್ ಪಕ್ಕ, ನೆರೆಮನೆಯ ಗೋಡೆಗೆ ಮುಖಮಾಡಿದ ಕಿಟಕಿಯ ಬಳಿ ಅಕ್ಕ ಬಳೆ ಬಾಗಿಸುತ್ತಿದ್ದಳು. ಬಳೆ ಹೊರಗೆ ಹೋಗುವಾಗ ಅವನದಾಗುತ್ತಿತ್ತು. ಅವಳು ಸಹಿಸಿಕೊಂಡಳು. ಬೆಂಕಿ ಮುಂದೆ ಕೂತವರಿಗೆ ಹೊಟ್ಟೆಯುರಿ ಬೇರೆ ಯಾಕೆ ಎಂದು ತಾನೇ ನಗೆಯಾಡುತ್ತಿದ್ದಳು.

ಕರಕುಶಲ ತರಬೇತಿ ಕೇಂದ್ರದವರು ಬಂದು ತಮ್ಮನ ಟಕಟಕ ನೋಡಿ ಮೆಚ್ಚಿ, ಮೇಷ್ಟ್ರಾಗಿ ಬನ್ನಿ ಎಂದು ಕರೆದಾಗ ಮಾತ್ರ ಅವಳು ಬಾಯಿಬಿಟ್ಟಳು.

“ಮಾಡೋಳು ನಾನು ಅಂತ ಹೇಳೋ. ನಾನೂ ಬಂದು ಕಲಿಸ್ತೀನಿ.”

ತಮ್ಮ ತಲೆ ತಗ್ಗಿಸಿದ. ಅವನ ಹೆಂಡತಿ ಥಟ್ಟನೆ, “ನೀವೂ ಹೋದ್ರೆ ಇಲ್ಲಿ ಬಳೆ ಮಾಡೋರ್ಯಾರು ಅತ್ತಿಗೆ?” ಎಂದಳು. ಆ ಮನೆಯಲ್ಲಿ ಆ ನಿಜವನ್ನು ಯಾರಾದರೂ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅದೂ ಅವಳನ್ನು ತಡೆಯುವುದಕ್ಕೆ.

ಕೆಲವೇ ವಾರಗಳಲ್ಲಿ ತಮ್ಮ ಒಂದು ಚೀಲ ತಂದು ಅವಳ ಮಣೆಯ ಮೇಲಿಟ್ಟ. ಒಳಗೆ ಕಲಿಯುವವರು ಮಾಡಿದ ಬಳೆಗಳು. ಒಂದೊಂದೂ ಬಿರುಕು ಬಿಟ್ಟಿತ್ತು. ತಮ್ಮ ಅವರ ಕೈಯಲ್ಲಿ ಬೆಳ್ಳಿಯನ್ನು ಕಾಯಿಸದೆ ತಣ್ಣಗೇ ಬಡಿಸಿದ್ದ.

“ಬೆಸುಗೆ ಹಾಕಿಬಿಡು. ಈಗಿನ ಬೆಳ್ಳೀನೇ ಸರಿ ಇಲ್ಲ.”

“ಕುಣಿಯಕ್ಕೆ ಬರ್ದೋರಿಗೆ ನೆಲ ಡೊಂಕಂತೆ,” ಎಂದಳು. ಬೆಸುಗೆ ಮಾತ್ರ ಹಾಕಿಕೊಟ್ಟಳು.

ಚೀಲಗಳು ಬರುತ್ತಲೇ ಇದ್ದವು. ಒಂದು ದಿನ ಚೀಲದ ಬದಲು ಒಬ್ಬ ಹೆಂಗಸೇ ಬೆಸುಗೆ ಹಾಕಿದ ಬಳೆ ಹಿಡಿದು, ಬೀದಿಯವರನ್ನು ವಿಚಾರಿಸಿಕೊಂಡು ಹಿತ್ತಲ ಬಾಗಿಲಿಗೆ ಬಂದಳು. ಕೇಂದ್ರದಲ್ಲಿ ಕಲಿಯುತ್ತಿದ್ದವಳು, ಎರಡು ಮಕ್ಕಳ ತಾಯಿ. “ಇದನ್ನ ಬೆಸೆದೋರು ನೀವೇನಾ? ನನ್ನದು ಯಾಕಕ್ಕ ಒಡೆಯುತ್ತೆ?” ಎಂದು ಕೇಳಿದಳು. ಅಕ್ಕನಿಗೆ ಅಷ್ಟು ಸಾಕಿತ್ತು. ಪಕ್ಕದಲ್ಲಿ ಕೂರಿಸಿಕೊಂಡು ಬೆಂಕಿಯ ಬಣ್ಣ ತೋರಿಸಿದಳು, ಎಲ್ಲಿ ನಿಲ್ಲಿಸಬೇಕೆಂದು ಅವಳ ಮಣಿಕಟ್ಟು ಹಿಡಿದು ತೋರಿಸಿದಳು. ಆ ಹೆಂಗಸಿನ ಕೈಯಲ್ಲಿ ಬಳೆ ಬಿರುಕಿಲ್ಲದೆ ಬಾಗಿತು. ಇಬ್ಬರೂ ನಕ್ಕರು.

ಮರುದಿನ ಆ ಹೆಂಗಸು ತರಗತಿಯಲ್ಲಿ ಹಾಗೆಯೇ ಮಾಡಿದಳು. ಎಲ್ಲರೂ ಕೇಳಿದಾಗ ಕಲಿಸಿದವರು ಯಾರೆಂದು ಹೇಳಿಯೂಬಿಟ್ಟಳು.

“ನನ್ನ ಮಾನ ಬೀದಿಪಾಲು ಮಾಡಿದೆಯಲ್ಲ!” ತಮ್ಮ ಕಿರುಚಿ ಹಿಂದಿನ ಕೋಣೆಗೆ ಬೀಗ ಜಡಿದ. ಅಕ್ಕ ಹೆದರಲಿಲ್ಲ. ಕೇಂದ್ರದವರು ಈಗಲಾದರೂ ತನ್ನನ್ನು ಕರೆಸುತ್ತಾರೆಂದು ಕಾದಳು.

ಕರೆ ಬರಲಿಲ್ಲ. ಮೇಷ್ಟ್ರಿಗೆ ಎದುರುತ್ತರ ಕೊಟ್ಟಳೆಂದು ಆ ಹೆಂಗಸನ್ನೇ ಹೊರಗೆ ಹಾಕಿದರು. ಕಾಯಿಸಿ ಬಾಗಿಸುವ ಕ್ರಮವನ್ನು ತಮ್ಮ ತನ್ನದೇ ಹೊಸ ವಿಧಾನವೆಂದು ಕಲಿಸತೊಡಗಿದ.

ಅಕ್ಕ ಆ ಹೆಂಗಸಿನ ಮನೆ ಹುಡುಕಿಕೊಂಡು ಹೋದಳು. ಅವಳು ಯಾರದೋ ಮನೆಯ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ತಲೆಯೆತ್ತಲಿಲ್ಲ.

“ನೀವು ಕಲಿಸಿದ್ದು ಸುಳ್ಳಲ್ಲಕ್ಕ. ಆದ್ರೆ ನನಗೆ ಬೇಕಾಗಿದ್ದು ಸರ್ಟಿಫಿಕೇಟು. ಇನ್ಮೇಲೆ ಬರ್ಬೇಡಿ.”

ಅಕ್ಕ ತಮ್ಮನ ಮನೆಗೆ ಮರಳಲಿಲ್ಲ. ಈಗ ಇನ್ನೊಬ್ಬರ ರಿಪೇರಿ ಅಂಗಡಿಯಲ್ಲಿ ಕಿತ್ತುಹೋದ ಸರಗಳಿಗೆ ಕೊಂಡಿ ಕೂರಿಸುತ್ತಾಳೆ. ಬಾಗಿಸುವಂಥದ್ದೇನೂ ಅಲ್ಲಿಗೆ ಬರುವುದಿಲ್ಲ. ತಮ್ಮನು ಯಂತ್ರದಲ್ಲಿ ಮಾಡಿದ ಬಳೆ ತರಿಸಿ ಕೈಕೆಲಸವೆಂದು ಮಾರುತ್ತಾನೆ. ಅಂಗಡಿ ಚೆನ್ನಾಗಿಯೇ ನಡೆಯುತ್ತಿದೆ.