ಶನಿಯ ಬಳೆ ಗೆರೆಯಾದ ಬೇಸಿಗೆ

ಬಾಗಲಗುಂಟೆಯ ಮನೆಗಳಿಗೆ ಆಗಿನ್ನೂ ಎರಡೇ ಅಂತಸ್ತು. ಟೆರೇಸಿಗೆ ಹೋದರೆ ನಾಲ್ಕು ದಿಕ್ಕಿಗೂ ಆಕಾಶ ಸಿಗುತ್ತಿತ್ತು. ಬೇಸಿಗೆ ರಜೆಯ ಸಂಜೆಗಳಲ್ಲಿ ಮಕ್ಕಳು ರಸ್ತೆಯಲ್ಲಿ ಲಾಕ್ ಅಂಡ್ ಕೀ ಆಡುತ್ತಿದ್ದರು. ಹೆಂಗಸರು ಒಣಗಿದ ಸಂಡಿಗೆಯನ್ನು ಡಬ್ಬಕ್ಕೆ ತುಂಬಿಕೊಂಡು ಟೆರೇಸಿನಿಂದ ಇಳಿಯುತ್ತಿದ್ದರು. ಅವರು ಇಳಿಯುವ ಹೊತ್ತಿಗೆ ನಾನೂ ಅಪ್ಪನೂ ಹತ್ತುತ್ತಿದ್ದೆವು. ನನಗೆ ಹನ್ನೆರಡು ವರ್ಷ.

“ಏ ದುರ್ಬೀನು, ಇವತ್ತಾದ್ರೂ ಆಟಕ್ಕೆ ಬಾರೇ!” ಎಂದು ಮಕ್ಕಳು ಕೆಳಗಿನಿಂದ ಕೂಗುತ್ತಿದ್ದರು. ನಾನು ಹೋಗುತ್ತಿರಲಿಲ್ಲ.

ಅಪ್ಪ ಹತ್ತಿರದ ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದರು. ಲೇತ್ ಯಂತ್ರದಿಂದ ಬಂದ ಬಿಡಿಭಾಗಗಳನ್ನು ಅಳೆದು, ಅಳತೆಯನ್ನು, ಅವರ ಮಾತಿನಲ್ಲಿ ‘ರೀಡಿಂಗ್’ ಅನ್ನು, ಪುಸ್ತಕದಲ್ಲಿ ಬರೆಯುವುದು ಅವರ ಕೆಲಸ. ಅವರ ಅಂಗಿಗೆ ಯಂತ್ರದೆಣ್ಣೆಯ ವಾಸನೆ ಇರುತ್ತಿತ್ತು, ಒಗೆದರೂ ಹೋಗುತ್ತಿರಲಿಲ್ಲ. ಆರಿಂಚಿನ ಕನ್ನಡಿಯೊಂದನ್ನು ಎರಡು ವರ್ಷ ಕೈಯಲ್ಲೇ ಉಜ್ಜಿ, ಪಿವಿಸಿ ಪೈಪಿನೊಳಗೆ ಕೂರಿಸಿ, ಅವರೇ ದೂರದರ್ಶಕ ಕಟ್ಟಿದ್ದರು. ನೋಡಿದ್ದನ್ನು ಬರೆಯಲು ನನಗೊಂದು ನೋಟ್‌ಬುಕ್ ಕೊಟ್ಟು ಹೇಳಿದ್ದರು:

“ಡ್ರಾಯಿಂಗಲ್ಲಿ ಇಪ್ಪತ್ತು ಅಂತ ಇರತ್ತೆ. ಅಳೆದ್ರೆ ಹತ್ತೊಂಬತ್ತೂ ಮುಕ್ಕಾಲು ಬರತ್ತೆ. ಬಂದಿದ್ದನ್ನ ಬರೀಬೇಕು ಪುಟ್ಟಿ, ಇರ್ಬೇಕಾಗಿದ್ದನ್ನಲ್ಲ.”

ಆ ವರ್ಷ ನಾವು ಶನಿಗ್ರಹದ ಫೋಟೋ ತೆಗೆಯಲು ಹೊರಟೆವು. ನಮ್ಮಲ್ಲಿ ಬೆಲೆಬಾಳುವ ಕ್ಯಾಮೆರಾ ಇರಲಿಲ್ಲ. ಕಂಪ್ಯೂಟರಿನ ವೆಬ್‌ಕ್ಯಾಮ್‌ನ ಲೆನ್ಸ್ ಬಿಚ್ಚಿ, ಫೋಟೋ ಸ್ಟುಡಿಯೋದವರು ಎಸೆಯಲು ಇಟ್ಟಿದ್ದ ಫಿಲಂ ರೋಲ್ ಡಬ್ಬಿಯ ತಳ ಕತ್ತರಿಸಿ, ಎರಡನ್ನೂ ಅಂಟಿಸಿದೆವು. ಆ ಡಬ್ಬಿ ದೂರದರ್ಶಕದಲ್ಲಿ ಕಣ್ಣಿಡುವ ತೂತಿಗೆ ಅಳತೆ ತೆಗೆದು ಮಾಡಿಸಿದಂತೆ ಕೂತಿತು. ಅಪ್ಪ ಅದನ್ನು ಮೂರು ಸಲ ತೆಗೆದು ಮೂರು ಸಲ ಹಾಕಿದರು, ಬರೀ ಖುಷಿಗೆ.

ಲ್ಯಾಪ್‌ಟಾಪ್ ಇರಲಿಲ್ಲವಾದ್ದರಿಂದ ದಿನವೂ ಸಂಜೆ ಇಡೀ ಕಂಪ್ಯೂಟರನ್ನೇ ಮೇಲಕ್ಕೆ ಹೊರಬೇಕಿತ್ತು. ಡಬ್ಬದಂಥ ಮಾನಿಟರ್ ಅಪ್ಪನದು, ಕೀಬೋರ್ಡು ಮತ್ತು ವೈರುಗಳು ನನ್ನವು. ಹಗಲೆಲ್ಲ ಕಾದ ಟೆರೇಸಿನಿಂದ ಬಿಸಿ ಏಳುತ್ತಿದ್ದರೆ ಚಿತ್ರ ಕುದಿಯುವ ನೀರಿನ ತಳದಂತೆ ನಡುಗುತ್ತದೆ. ಅದಕ್ಕೆ ಅಪ್ಪ ಮೊದಲು ನಾಲ್ಕು ಬಕೆಟ್ ನೀರು ಸುರಿಯುತ್ತಿದ್ದರು. ಬಿಸಿ ಸಿಮೆಂಟಿನ ಮೇಲೆ ನೀರು ಬಿದ್ದಾಗ ಬರುವ ಆ ವಾಸನೆ, ನಾನು ತಿನ್ನುತ್ತಿದ್ದ ಉಪ್ಪು ಖಾರ ಹಾಕಿದ ಮಾವಿನಕಾಯಿ, ಎರಡೂ ನನ್ನ ನೆನಪಿನಲ್ಲಿ ಶನಿಗ್ರಹಕ್ಕೇ ಸೇರಿಕೊಂಡಿವೆ.

ದೂರದರ್ಶಕಕ್ಕೆ ಮೋಟರ್ ಇರಲಿಲ್ಲ. ಭೂಮಿ ತಿರುಗುತ್ತದಲ್ಲ, ಗ್ರಹ ಪರದೆಯ ಒಂದು ಅಂಚಿನಿಂದ ಬಂದು ಕೆಲವೇ ಕ್ಷಣಗಳಲ್ಲಿ ಇನ್ನೊಂದು ಅಂಚಿನಿಂದ ಹೊರಟುಹೋಗುತ್ತಿತ್ತು. ಅಪ್ಪ ಕೊಳವೆಯನ್ನು ಕೂದಲೆಳೆಯಷ್ಟು ತಳ್ಳುವುದು, ನಾನು ಪರದೆ ನೋಡುತ್ತ ವಿಡಿಯೊ ಹಿಡಿಯುವುದು.

“ಬಂತಾ?”

“ಬಂತು, ಬಂತು... ಹೋಯ್ತು.”

“ಈಗ?”

“ಅಯ್ಯೋ, ಜಾಸ್ತಿ ತಳ್ಳಿದ್ರಿ ಅಪ್ಪಾ!”

“ನಿಮ್ಮಮ್ಮನ ಹಾಗೇ ಬೈತೀಯಲ್ಲೇ.”

ಮೊದಲ ವಾರ ಪೂರ್ತಿ ಕಪ್ಪು ಪರದೆ. ಎರಡನೇ ವಾರ ಒಂದು ಮಸುಕು ಬೆಳಕು. ಮೂರನೇ ವಾರದ ಒಂದು ಸಂಜೆ ಗಾಳಿ ನಿಂತಿತು. ಅಂದಿನ ವಿಡಿಯೊದಿಂದ ಸ್ಪಷ್ಟವಾಗಿದ್ದ ಚಿತ್ರಗಳನ್ನಷ್ಟೇ ಆರಿಸಿ, ಕಂಪ್ಯೂಟರಿನಲ್ಲೇ ಒಂದರ ಮೇಲೊಂದು ಕೂರಿಸಿ ಒಂದೇ ಚಿತ್ರ ಮಾಡಿದೆ. ಊಟದ ಹೊತ್ತಿಗೆ ಪರದೆಯ ಮೇಲೆ ಒಂದು ಹಳದಿ ಗುಂಡು ನಿಂತಿತ್ತು. ಅದರ ಎರಡೂ ಪಕ್ಕಕ್ಕೆ ಚಾಚಿದ ಒಂದು ತೆಳು ಗೆರೆ.

“ಬಳೆ ಎಲ್ಲಿ?” ಎಂದರು ಅಮ್ಮ.

ಅಪ್ಪ ಅಮ್ಮನ ಕೈಯಿಂದ ಒಂದು ಗಾಜಿನ ಬಳೆ ತೆಗೆಸಿ, ನನ್ನ ಕಣ್ಣಿನ ಮಟ್ಟಕ್ಕೆ ಮಲಗಿಸಿ ಹಿಡಿದರು. ಗುಂಡಗಿದ್ದ ಬಳೆ ಬರೀ ಗೆರೆಯಾಯಿತು. ಸುಮಾರು ಹದಿನೈದು ವರ್ಷಕ್ಕೊಮ್ಮೆ ಶನಿಯ ಬಳೆ ಹೀಗೆ ನಮ್ಮತ್ತ ಅಂಚು ತಿರುಗಿಸುತ್ತದೆ ಎಂದರು. ನಾವು ಆರಿಸಿಕೊಂಡದ್ದು ಅದೇ ವರ್ಷ.

“ಒಡೀಬೇಡಿ ಕಣ್ರೀ, ಕೊಡಿ ಇಲ್ಲಿ” ಎಂದು ಅಮ್ಮ ಬಳೆ ಕಸಿದುಕೊಂಡರು. ನನಗೆ ಆ ಗೆರೆಯೇ ಸಾಕಾಗಿತ್ತು. ಅದನ್ನು ನಾನು ಹಿಡಿದಿದ್ದೆ.

ಮನೆಯ ಓನರ್ ಪಿಳ್ಳಪ್ಪನವರು ಕೆಳಗಿನ ಮನೆಯಲ್ಲಿದ್ದರು. ಆ ಬೀದಿಯ ಸೈಟುಗಳೆಲ್ಲ ಒಂದು ಕಾಲಕ್ಕೆ ಅವರ ಮನೆಯವರ ರಾಗಿ ಹೊಲ. ಶನಿವಾರ ತಪ್ಪದೆ ಶನಿಮಹಾತ್ಮನ ಗುಡಿಗೆ ಎಳ್ಳೆಣ್ಣೆ ಒಯ್ಯುತ್ತಿದ್ದ ಮನುಷ್ಯ. ಒಂದು ಸಂಜೆ ಅವರು ಟೆರೇಸಿಗೆ ಬಂದರು.

“ಏನ್ ಸಾರ್, ಫಿರಂಗಿ ಮಡಗ್ದಂಗೆ ಮಡಗಿದ್ದೀರಿ? ಆ ನೀರ್ ಸುರಿಯೋದ್ ಒಸಿ ಕಮ್ಮಿ ಮಾಡಿ. ಇನ್ನೊಂದ್ ಇಸ್ಯ, ಮೊಬೈಲ್ ಟವರ್‌ನೋರು ಬಂದಿದ್ರು. ಮ್ಯಾಲೆ ಜಾಗ ಕೇಳ್ತಾವ್ರೆ.”

ಟವರ್ ಬಂದರೆ ದೂರದರ್ಶಕಕ್ಕೆ ಜಾಗವಿರುವುದಿಲ್ಲ. ಅಪ್ಪ ಅಂದು ಅಮ್ಮನಿಗೆ ಹೇಳಿದ್ದು ನನಗೆ ಕೇಳಿಸಿತು: “ಶನಿದೇವರನ್ನೇ ಹಿಡಿದು ತೋರಿಸ್ತೀನಿ. ನಮ್ಮ ಟೆರೇಸಿಂದ ತೆಗೆದಿದ್ದು ಅಂದ್ರೆ ಕರಗ್ತಾರೆ.”

ಮರುದಿನ ನಾನು ತೆಗೆದ ಫೋಟೋವನ್ನು ಪ್ರಿಂಟ್ ಹಾಕಿಸಿ ಅವರಿಗೆ ಕೊಟ್ಟರು. ಪಿಳ್ಳಪ್ಪನವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಇದೇನ್ ಸಾರ್, ನಿಂಬೆಹಣ್ಣಿಗೆ ಸೂಜಿ ಚುಚ್ದಂಗೈತೆ? ಮಾಟ ಮಾಡ್ಸಿದಂಗೆ! ಬುಕ್ಕಲ್ಲಿ ಇಂಗಿರಲ್ವಲ್ಲ.” ಚಿತ್ರವನ್ನು ಎರಡು ಬೆರಳಲ್ಲಿ ಹಿಡಿದು ವಾಪಸ್ಸು ಕೊಟ್ಟರು. ಅಪ್ಪ ನಕ್ಕರು. ನಾನು ನಗಲಿಲ್ಲ.

ನಾಲ್ಕು ದಿನ ಕಳೆದ ಮೇಲೆ ಅಪ್ಪ “ಬಾ, ಕೆಳಗೆ ಹೋಗಿ ಬರೋಣ” ಎಂದು ಕರೆದರು. ಕೈಯಲ್ಲಿ ಕಾಗದ ಸುತ್ತಿದ ಫ್ರೇಮ್ ಇತ್ತು. ಪಿಳ್ಳಪ್ಪನವರ ನಡುಮನೆಯಲ್ಲಿ ಕಾಗದ ಬಿಚ್ಚಿದಾಗ ಒಳಗಿದ್ದದ್ದು ಅಗಲವಾದ, ಹೊಳೆಯುವ, ತೆರೆದ ಬಳೆಯ ಶನಿ. ಆ ವರ್ಷ ಭೂಮಿಯ ಮೇಲೆ ಯಾರೂ, ಎಷ್ಟೇ ದೊಡ್ಡ ದೂರದರ್ಶಕದಿಂದಲೂ, ಶನಿಯನ್ನು ಹಾಗೆ ಕಂಡಿರಲು ಸಾಧ್ಯವಿರಲಿಲ್ಲ.

“ಅಬ್ಬಾ! ಇದು ನಮ್ಮ ಟೆರೇಸಿಂದಾನಾ ಸಾರ್?”

“ಹೌದು” ಎಂದರು ಅಪ್ಪ.

ಎಂದ ಮೇಲೆ ನನ್ನ ಕಡೆ ನೋಡಿದರು. ಬಾಯಿ ಬಿಡಬೇಡ ಎಂದು ಅವರ ಕಣ್ಣು ಕೇಳುತ್ತಿತ್ತು. ಅದು ನನಗೆ ಅರ್ಥವಾಗಲಿಲ್ಲ ಎಂದು ನಾನು ಇವತ್ತೂ ಹೇಳಲಾರೆ. ಚೆನ್ನಾಗಿ ಅರ್ಥವಾಗಿತ್ತು.

“ಇದು ನಾವು ತೆಗೆದಿದ್ದಲ್ಲ ಅಂಕಲ್” ಎಂದೆ. “ನೆಟ್‌ನಿಂದ ತೆಗೆದಿದ್ದು. ಈ ವರ್ಷ ಬಳೆ ಹೀಗೆ ಕಾಣಲ್ಲ. ನಾವು ತೆಗೆದಿದ್ದು ಆವತ್ತು ಕೊಟ್ಟಿದ್ದೇ.”

ಅಡುಗೆಮನೆಯಲ್ಲಿ ಯಾರೋ ಒಗ್ಗರಣೆ ಹಾಕಿದ ಸದ್ದು ಕೇಳಿಸಿತು. ಪಿಳ್ಳಪ್ಪನವರು ಅಪ್ಪನನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಗಟ್ಟಿಯಾಗಿ ನಕ್ಕರು.

“ಯಾರ್ ತೆಗುದ್ರೇನವ್ವ? ಶನಿಮಾತ್ಮ ಶನಿಮಾತ್ಮನೇ ಅಲ್ವಾ! ಏ, ಒಂದ್ ಮೊಳೆ ತಗೊಂಬಾರಮ್ಮಿ” ಎಂದು ಒಳಗೆ ಕೂಗಿದರು. ಮೊಳೆ ಬಂತು. ಫ್ರೇಮನ್ನು ಗೋಡೆಗೆ ತಗಲಿಸಿ, ಒಂದು ಹೆಜ್ಜೆ ಹಿಂದೆ ಸರಿದು ಕೈಮುಗಿದರು. ಹಾಗೆಯೇ, ಬೆನ್ನು ತಿರುಗಿಸಿಕೊಂಡೇ ಹೇಳಿದರು: “ಟವರ್‌ನೋರ್ಗೆ ಮೊನ್ನೇನೇ ಸೈನ್ ಮಾಡಿ ಕೊಟ್ಬುಟ್ಟೆ ಸಾರ್. ಬೇಜಾರ್ ಮಾಡ್ಕೋಬ್ಯಾಡಿ.”

ಅಪ್ಪನ ಸುಳ್ಳೂ ದಂಡ, ನನ್ನ ನಿಜವೂ ದಂಡ. ಆ ಮನೆಯಲ್ಲಿ ಎರಡೂ ಯಾರಿಗೂ ಬೇಕಿರಲಿಲ್ಲ. ಮೆಟ್ಟಿಲು ಹತ್ತುವಾಗ ಅಪ್ಪ ನನ್ನ ಮುಂದೆ ಇದ್ದರು. ಅರ್ಧಕ್ಕೆ ನಿಂತು, ತಿರುಗದೆ, “ರೀಡಿಂಗ್ ಸರಿಯಾಗೇ ಓದ್ದೆ” ಎಂದರು. ಅದರಲ್ಲಿ ಹೊಗಳಿಕೆಯೂ ಇರಲಿಲ್ಲ, ಕೋಪವೂ ಇರಲಿಲ್ಲ. ತಿರಸ್ಕರಿಸಿದ ಬಿಡಿಭಾಗವನ್ನು ಪಕ್ಕಕ್ಕಿಡುವವರ ದನಿ ಅದು.

ಜೂನ್‌ನಲ್ಲಿ ಶಾಲೆ ಶುರುವಾಯಿತು, ಟೆರೇಸಿನ ಮೇಲೆ ಕಬ್ಬಿಣದ ಕಂಬಗಳು ಎದ್ದವು. ದೂರದರ್ಶಕ ಅಟ್ಟ ಸೇರಿತು. ಊರಿನಲ್ಲಿ ಬೇರೆ ಟೆರೇಸುಗಳಿದ್ದವು, ಮೈದಾನಗಳಿದ್ದವು. ಅಪ್ಪ ಹುಡುಕಲಿಲ್ಲ. ಅವರು ನನ್ನೊಡನೆ ಚೆನ್ನಾಗಿಯೇ ಇದ್ದರು; ಫೀಸು ಕಟ್ಟಿದರು, ಎಂ.ಎಸ್ಸಿ. ಓದಿಸಿದರು. ಆದರೆ ನಾನು ಏನಾದರೂ ಕೇಳಿದರೆ ಉತ್ತರ ಕೊಡುವ ಮೊದಲು ಒಂದು ಕ್ಷಣ ನಿಲ್ಲುವುದನ್ನು ಕಲಿತರು. ಆ ಕ್ಷಣ ಮತ್ತೆ ಹೋಗಲೇ ಇಲ್ಲ.

ನಿಜಕ್ಕಾಗಿ ಹೇಳಿದೆ ಎಂದು ಬಹಳ ವರ್ಷ ನಂಬಿದ್ದೆ. ಅಲ್ಲ. ನನ್ನ ಗೆರೆಯನ್ನು ಬಿಟ್ಟು ಬೇರೆ ಯಾರದೋ ಬಳೆಗೆ ಫ್ರೇಮ್ ಹಾಕಿಸಿದ್ದಕ್ಕೆ ಹೇಳಿದೆ. ಅಪ್ಪ ತಮ್ಮ ಜೀವಮಾನದ ನಿಯಮವೊಂದನ್ನು ಮುರಿದದ್ದು ಆ ಟೆರೇಸಿಗಾಗಿ, ಎಂದರೆ ನಮ್ಮ ಸಂಜೆಗಳಿಗಾಗಿ. ಹನ್ನೆರಡನೇ ವಯಸ್ಸಿನಲ್ಲಿ ಅದು ಹೊಳೆಯಲಿಲ್ಲ. ಹೊಳೆದಾಗ ಹೇಳಿಕೊಳ್ಳುವ ಹೊತ್ತು ಮೀರಿತ್ತು.

ಈಗ ನಾನು ಸಂಜಯನಗರದಲ್ಲಿ ಒಬ್ಬಳೇ ಇದ್ದೇನೆ. ಅಪ್ಪ ಅಮ್ಮ ಬಾಗಲೂರಿನ ಕಡೆ ಫ್ಲ್ಯಾಟಿನಲ್ಲಿದ್ದಾರೆ. ಅಲ್ಲಿ ಟೆರೇಸಿಗೆ ಬೀಗ. ನನ್ನ ಸಂಬಳದಲ್ಲಿ ಕೊಂಡ ದೂರದರ್ಶಕಕ್ಕೆ ಮೋಟರ್ ಇದೆ. ಗ್ರಹವನ್ನು ಅದು ಪರದೆಯ ನಡುವೆಯೇ ಹಿಡಿದು ನಿಲ್ಲಿಸುತ್ತದೆ. ತಳ್ಳುವವರು ಬೇಕಿಲ್ಲ. “ಬಂತಾ?” ಎಂದು ಕೇಳುವವರೂ ಇಲ್ಲ.

ಕಳೆದ ನವೆಂಬರಿನಲ್ಲಿ ಶನಿಯ ಬಳೆ ಮತ್ತೆ ಅಂಚು ತಿರುಗಿಸಿತ್ತು. ಒಂದು ಸಂಜೆ ಗಾಳಿ ನಿಂತಾಗ ಫೋಟೋ ತೆಗೆದೆ. ಅದೇ ಹಳದಿ ಗುಂಡು, ಅದೇ ಗೆರೆ, ಈ ಸಲ ಇನ್ನೂ ತೆಳು. ಒಂದು ಮಾತೂ ಬರೆಯದೆ ಅಪ್ಪನಿಗೆ ವಾಟ್ಸಾಪ್‌ನಲ್ಲಿ ಕಳಿಸಿದೆ. ನೋಡಿದರೆ ಗೊತ್ತಾಗುತ್ತದೆ ಎಂದುಕೊಂಡಿದ್ದೆ.

ಉತ್ತರ ಬಂತು: “ಚೆನ್ನಾಗಿದೆ. ಬಳೆ ಕಾಣೋದು ಇನ್ನೊಂದು ಇಲ್ವಾ? ಇಲ್ಲಿ ಪಕ್ಕದ ಮನೆಯವರಿಗೆ ತೋರಿಸ್ಬೇಕು.”

‘ಕಂಡಿದ್ದು ಇಷ್ಟೇ ಅಪ್ಪ’ ಎಂದು ಬರೆದೆ. ಆಮೇಲೆ ಅಳಿಸಿ, ‘ಇದೆ ಅಪ್ಪ, ಹುಡುಕಿ ಕಳಿಸ್ತೀನಿ’ ಎಂದು ಕಳಿಸಿದೆ.