ಹೊಲಿಗೆ ಕೋಣೆಯ ಹಸಿರು ತಂತಿ

2006ರ ಮಳೆಗಾಲದಲ್ಲಿ ನಾನು ಕಾರವಾರ ಮತ್ತು ಅಂಕೋಲೆಯ ನಡುವಿನ ಹಳ್ಳಿಗಳಿಗೆ ವಿದ್ಯುತ್ ಶಾಖಾಧಿಕಾರಿಯಾಗಿದ್ದೆ. ಕರಾವಳಿಯ ಮಳೆಗಾಲವೆಂದರೆ ನಮ್ಮ ಇಲಾಖೆಯವರಿಗೆ ಊಟ-ನಿದ್ದೆಯ ನೆನಪಿರುವುದಿಲ್ಲ. ತೆಂಗಿನ ಮಡಲು ತಂತಿಯ ಮೇಲೆ ಬೀಳುವುದು, ಕಂಬ ವಾಲುವುದು, ಜನ ಫೋನಿನಲ್ಲಿ ಬೈಯುವುದು, ನಾನು ತಿರುಗಿ ಬೈಯುವುದು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಇಷ್ಟು ವರ್ಷಗಳ ನೌಕರಿಯಲ್ಲಿ ನಾನು ನಿಜವಾಗಿ ಹೆದರಿದ್ದು ಮಾತ್ರ ಒಂದೇ ಸಲ, ಅದೂ ಅಮದಳ್ಳಿಯ ಒಂದು ಮನೆಯ ಹೊಲಿಗೆ ಕೋಣೆಯಲ್ಲಿ.

ಅದು ಭಾನುವಾರ. ಹೆಂಡತಿಯ ರವಿಕೆ ತರಲು ಸುಮಿತ್ರಾಳ ಮನೆಗೆ ಹೋಗಿದ್ದೆ. ಸುಮಿತ್ರಾ ಮನೆಯಲ್ಲೇ ಹೊಲಿಗೆ ಮಾಡುವವಳು. ಮದುವೆಯ ಬಟ್ಟೆ ಎಂದರೆ ಸುತ್ತಲಿನವರೆಲ್ಲ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಮನೆಯಲ್ಲಿ ಅವಳು ಮತ್ತು ಅತ್ತೆ ಪಾರ್ವತಕ್ಕ, ಇಬ್ಬರೇ. ಗಂಡ ಗೋವೆಯಲ್ಲಿ ಕೆಲಸಕ್ಕಿದ್ದ. ನಮ್ಮೂರ ರೂಢಿಯಂತೆ ಬೂಟು ಹೊರಗೆ ಬಿಟ್ಟು ಬರಿಗಾಲಲ್ಲಿ ಒಳಗೆ ಹೋದೆ.

ಕೋಣೆ ನೋಡಿ ಮರುಗಿದೆ. ಬಚ್ಚಲಿಗೂ ಆ ಕೋಣೆಗೂ ನಡುವೆ ಒಂದೇ ಗೋಡೆ, ಅದೂ ನೀರು ಹೀರುವ ಕೆಂಪು ಚಿರೆಕಲ್ಲಿನದು. ಅದು ಸೊಂಟದೆತ್ತರಕ್ಕೆ ಕಪ್ಪಗಾಗಿ, ಸುಣ್ಣ ಹಪ್ಪಳದಂತೆ ಎದ್ದಿತ್ತು. ಮೂಲೆಯಲ್ಲಿ ಬಣ್ಣ ಬಿಟ್ಟ ಬಟ್ಟೆಗಳ ರಾಶಿ.

“ಎಂತ ಹೇಳೂದು ಸಾಹೇಬ್ರೇ, ಗೋಡೆಯೊಳಗಿನ ಕಬ್ಬಿಣದ ಪೈಪು ತುಕ್ಕು ಹಿಡ್ದು ಒಡ್ದಿತ್ತು. ಕಪಾಟಿನ ಬಟ್ಟೆ ಎಲ್ಲಾ ನೆಂದೋಯ್ತು. ಕೆಂಪು ಅಸ್ತರಿನ ಬಣ್ಣ ಯಾರ್ಯಾರದ್ದೋ ಸೀರೆಗೆ ಹತ್ತಿ, ನಾ ಅಳೂದೊಂದು ಬಾಕಿ,” ಎಂದಳು ಸುಮಿತ್ರಾ. ಮರುಕ್ಷಣವೇ ಮುಖ ಅರಳಿಸಿ, “ಈಗ ಪ್ಲಾಸ್ಟಿಕ್ ಪೈಪ್ ಹಾಕ್ಸಿ ಆತು. ಒಂದ್ ಹನಿ ಸೋರೂದಿಲ್ಲ,” ಎಂದಳು.

ಮೋಟಾರು ಜೋಡಿಸಿದ ಮೆಷಿನ್ನಿನ ಮುಂದೆ ಕೂತಿದ್ದ ಅವಳ ಕಾಲ ಕೆಳಗೆ ಊಟದ ಮಣೆಯೊಂದಿತ್ತು. ಹೊಲಿಯುವವರು ಮಣೆಯ ಮೇಲೆ ಕಾಲಿಟ್ಟದ್ದನ್ನು ನಾನು ಕಂಡಿರಲಿಲ್ಲ. ಇದೆಂಥದು ಎಂದು ಕೇಳಿದೆ.

“ಪೈಪ್ ಹಾಕ್ಸಿದ ಮೇಲೆ ಮೆಷಿನ್ ಮುಟ್ಟಿದ್ರೆ ಜುಮ್ ಅಂತದೆ. ಮಣೆ ಇಟ್ಕಂಡ್ರೆ ಏನೂ ಆಗೂದಿಲ್ಲ.”

ನನಗೆ ಸಿಟ್ಟು ನೆತ್ತಿಗೇರಿತು. “ಜುಮ್ ಅನ್ನೂದು ಆಟವಾ? ತೆಗಿ ಕೈ!” ಎಂದು ಗದರಿದೆ. ಅವಳು ಬೆಚ್ಚಿ ಎದ್ದು ನಿಂತಳು. ಅಷ್ಟರಲ್ಲಿ ಪಾರ್ವತಕ್ಕ ಮೈ ಒರೆಸುವ ಪಂಚೆ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ಹಾದುಹೋದರು. “ಕೂತ್ಕ ತಮಾ, ಚಾ ಕುಡ್ದೇ ಹೋಗ್ಬೇಕು. ನಾ ಎರಡು ಚೊಂಬು ತಣ್ಣೀರು ಹೊಯ್ಕಂಡು ಪೂಜೆ ಮುಗ್ಸಿ ಬತ್ತೆ.” ಸುಮಿತ್ರಾ ಹಂಡೆಯ ಬಿಸಿನೀರು ಮೀಯುವವಳು, ಮಡಿಯ ಅತ್ತೆಗೆ ಮಾತ್ರ ನಲ್ಲಿಯ ತಣ್ಣೀರೇ ಆಗಬೇಕು.

ನಾನು ಮೆಷಿನ್ನಿನ ಪ್ಲಗ್ ಕಿತ್ತು, ಸ್ವಿಚ್‌ಬೋರ್ಡ್ ನೋಡಿದೆ. ಅದು ಕೂತಿದ್ದು ಅದೇ ಒದ್ದೆ ಗೋಡೆಯಲ್ಲಿ. ಬೋರ್ಡಿನ ಬುಡದಿಂದ ಒಂದು ಹಸಿರು ತಂತಿ ಹೊರಟು, ಗೋಡೆಯ ತೂತಿನಲ್ಲಿ ನುಸುಳಿ ಬಚ್ಚಲಿಗೆ ಹೋಗಿತ್ತು.

ಹಸಿರು ತಂತಿ ಎಂದರೆ ಅರ್ಥಿಂಗ್. ಎಲ್ಲಾದರೂ ಕರೆಂಟು ಸೋರಿದರೆ ಅದು ಮನುಷ್ಯನ ಮೈಯಲ್ಲಿ ಹಾಯದೆ ಈ ತಂತಿಯ ಮೂಲಕ ನೆಲಕ್ಕೆ ಇಳಿಯಬೇಕು. ಅದಕ್ಕೆ ಬೇರೆ ಗುಂಡಿ ತೋಡಬೇಕು. ನಮ್ಮ ಕಡೆ ಹಳೆಯ ಮನೆಗಳಲ್ಲಿ ಗುಂಡಿ ತೋಡುವ ಉಸಾಬರಿ ಯಾರಿಗೆ ಬೇಕು? ನೆಲದೊಳಗೆ ಹೇಗೂ ಕಬ್ಬಿಣದ ನೀರಿನ ಪೈಪು ಇದೆಯಲ್ಲ, ಅದಕ್ಕೇ ಸುತ್ತಿಬಿಡುತ್ತಿದ್ದರು. ಈ ಮನೆಯಲ್ಲೂ ಅದು ನಡೆದುಕೊಂಡು ಬಂದಿತ್ತು. ಈಗ ಪೈಪು ಪ್ಲಾಸ್ಟಿಕ್ಕಾಗಿತ್ತು. ಉಳಿದದ್ದು ನಲ್ಲಿ ಮತ್ತು ಅದಕ್ಕಂಟಿದ ಗೇಣುದ್ದದ ಕಬ್ಬಿಣದ ತುಂಡು. ಹಸಿರು ತಂತಿ ಆ ತುಂಡಿಗೇ ಸುತ್ತಿಕೊಂಡಿದ್ದರೆ, ನೆನೆದ ಬೋರ್ಡಿನಿಂದ ಸೋರಿದ ಕರೆಂಟು ನೆಲಕ್ಕೆ ಹೋಗದೆ, ಆ ತಂತಿಗೆ ಸೇರಿದ ಮೆಷಿನ್ನಿನಲ್ಲೂ ನಲ್ಲಿಯಲ್ಲೂ ನಿಂತಿರಬೇಕು.

ಬಚ್ಚಲಲ್ಲಿ ಬಕೆಟ್ ಎಳೆದ ಸದ್ದು ಕೇಳಿಸಿತು.

“ನಲ್ಲಿ ಮುಟ್ಬೇಡ್ರೋ!” ಎಂದು ಕೂಗಿದೆ. ಹಂಚಿನ ಮೇಲೆ ಮಳೆ ಹೊಯ್ಯುತ್ತಿತ್ತು, ಅವರಿಗೆ ಕೇಳಿಸುವುದಾದರೂ ಹೇಗೆ? ಬಾಗಿಲಿಗೆ ಒಳಗಿನಿಂದ ಅಗುಳಿ. ಸುಮಿತ್ರಾ ಬಾಗಿಲು ಬಡಿಯತೊಡಗಿದಳು. ನಾನು ಜಗಲಿಗೆ ಓಡಿದೆ. ಮೇನ್ ಸ್ವಿಚ್ ಅಲ್ಲಿತ್ತು. ಕಾಲು ಜಾರಿ ಹೊಸ್ತಿಲಿಗೆ ಮೊಣಕಾಲು ಬಡಿಯಿತು. ಎದ್ದು ಸ್ವಿಚ್ ಕೆಳಗೆಳೆದು, ಕಿವಿಗೊಟ್ಟು ನಿಂತೆ. ಒಳಗಿನಿಂದ ಸದ್ದಿಲ್ಲ. ಮುಗಿಯಿತು, ಹೋಯಿತು ಮುದುಕಿಯ ಜೀವ ಅಂದುಕೊಂಡೆ.

“ಥೂ, ಈ ಕರೆಂಟಿಗೆ ಎಂತ ಬಂತು! ಸುಮಿತ್ರಾ, ಚಿಮಣಿ ತಕಂಡ್ ಬಾ!”

ಜನರಿಂದ ಬೈಸಿಕೊಂಡು ನಾನು ದೇವರಿಗೆ ಕೈಮುಗಿದದ್ದು ಅದೊಂದೇ ಸಲ.

ಇಬ್ಬರನ್ನೂ ಹೊರಗೆ ಜಗಲಿಯಲ್ಲಿ ಕೂರಿಸಿದೆ. ಶಾಕ್ ಹೊಡೆಯದಿರಲೆಂದು ಬೂಟು ಹಾಕಿಕೊಂಡೆ. ಬೂಟುಗಾಲಲ್ಲಿ ದೇವರ ಕೋಣೆ ದಾಟಿ ಹೋಗುವುದನ್ನು ಕಂಡು ಪಾರ್ವತಕ್ಕ “ರಾಮ ರಾಮಾ, ಮೈಲಿಗೆ ಮಾಡ್ದೆಯಲ್ಲೋ!” ಎಂದರು. ಮೇನ್ ಮತ್ತೆ ಹಾಕಿ ನಲ್ಲಿಗೆ ಜೇಬಿನಲ್ಲಿದ್ದ ಟೆಸ್ಟರ್ ಹಿಡಿದೆ. ಟೆಸ್ಟರಿನ ದೀಪ ಕೆಂಪಗೆ ಹೊತ್ತಿತು. ಸ್ವಿಚ್ ಆರಿಸಿ ಹೊರಗೆ ಬಂದು ವಿಷಯ ಹೇಳಿದೆ.

ಸುಮಿತ್ರಾ ತಲೆಯ ಮೇಲೆ ಕೈಯಿಟ್ಟುಕೊಂಡಳು. ಪಾರ್ವತಕ್ಕ ಮಾತ್ರ ತಮ್ಮ ಬಲಗೈಯನ್ನೇ ನೋಡುತ್ತ, “ಹಂಗಾರೆ ಇದು ವಾತ ಅಲ್ದಾ?” ಎಂದರು.

“ಯಾವ ವಾತ?”

“ದಿನಾ ಮೀವಾಗ ಕೈ ಜೋಂ ಹಿಡೀತದೆ. ಮಳೆಗಾಲದ ವಾತ ಅಂದ್ಕಂಡು ಎಣ್ಣೆ ಹಚ್ತಾ ಇದ್ದೆ ತಮಾ.”

ಪೈಪು ಸೋರದಿದ್ದರೂ ಮಳೆಯ ತೇವಕ್ಕೆ, ಬಚ್ಚಲ ನೀರಿಗೆ ಗೋಡೆ ದಿನದಿನಕ್ಕೂ ಹೆಚ್ಚು ನೆನೆಯುತ್ತಿತ್ತು. ಇನ್ನೊಂದು ಜೋರು ಮಳೆ ಬಿದ್ದಿದ್ದರೆ ಈ ಕೈ ನಲ್ಲಿಯನ್ನು ಬಿಡುತ್ತಿರಲಿಲ್ಲ.

ನಮ್ಮ ನಿಯಮದಂತೆ ಮೀಟರಿನವರೆಗೆ ಇಲಾಖೆಯದು, ಅದರಾಚೆಯ ವೈರಿಂಗ್ ಮನೆಯವರದು. ನಿಯಮ ಹಾಳಾಗಲಿ ಎಂದು ಮರುದಿನವೇ ಪರಿಚಯದ ವೈರ್‌ಮನ್‌ನನ್ನು ಕರೆದೊಯ್ದು ಹಿತ್ತಲಲ್ಲಿ ಗುಂಡಿ ತೋಡಿಸಿ, ಇದ್ದಿಲು-ಉಪ್ಪು ತುಂಬಿ ಸರಿಯಾದ ಅರ್ಥಿಂಗ್ ಮಾಡಿಸಿದೆ. ಬೋರ್ಡನ್ನು ಒಣಗೋಡೆಗೆ ಸರಿಸಿದೆವು. ಸೋರಿಕೆಯಾದೊಡನೆ ಕರೆಂಟು ಕಡಿಯುವ ಇಎಲ್‌ಸಿಬಿಯನ್ನೂ ಕೂರಿಸಿದೆವು. ನೀರಿನ ಸೋರಿಕೆ ಬಟ್ಟೆಯ ಮೇಲೆ ಕಲೆ ಮಾಡಿ ತಾನು ಬಂದದ್ದನ್ನು ಹೇಳುತ್ತದೆ. ಕರೆಂಟಿನದು ಹಾಗಲ್ಲ. ಮೈಗೆ ಜುಮ್ಮೆಂದರೆ ಮಣೆ ಹುಡುಕಬೇಡಿ, ಮೇನ್ ಆರಿಸಿ. ಪೈಪು ಬದಲಿಸುವ ಮೊದಲು ಹಸಿರು ತಂತಿ ಎಲ್ಲಿಗೆ ಹೋಗಿದೆ ನೋಡಿ. ಅಂದಿನಿಂದ ಯಾರ ಮನೆಯಲ್ಲಿ ಹೊಸ ಪೈಪು ಕಂಡರೂ ನಾನು ಅದನ್ನೇ ಕೇಳುತ್ತೇನೆ.

ಕೈಯ ಜೋಂ ಅಲ್ಲಿಗೇ ನಿಂತಿತು. ಪಾರ್ವತಕ್ಕ ಸಿಕ್ಕಸಿಕ್ಕವರಿಗೆಲ್ಲ “ನಮ್ ಕರೆಂಟಿನ ತಮ ನನ್ ವಾತ ಬಿಡಿಸ್ದ” ಎಂದು ಹೇಳಿಕೊಂಡು ತಿರುಗಿದರು. ಕೇಳಿದವರೆಲ್ಲ ನಕ್ಕರು, ನನ್ನ ಹೆಂಡತಿಯೂ ನಕ್ಕಳು. ನನಗೆ ನಗು ಬರಲಿಲ್ಲ. ಬಚ್ಚಲ ಗೂಡಿನಲ್ಲಿದ್ದ ಅವರ ವಾತದ ಎಣ್ಣೆಯ ಸೀಸೆಯನ್ನು ನಾನು ನೋಡಿದ್ದೆ. ಅದು ಅರ್ಧ ಖಾಲಿಯಾಗಿತ್ತು.